ಎದೆಯ ಸದ್ದು ಕೇಳಲು ಬಂದವರು

ರಾಯಚೂರಿನ ಡಾಕ್ಟರ್ ಮೇಡಂ ಆ ಮಾತು ಕೇಳಿದಾಗ ನಾನು ಅವರಿಗೆ ಬೆನ್ನು ಮಾಡಿ ಕುಪ್ಪಸದ ಹುಕ್ಕು ಹಾಕಿಕೊಳ್ಳುತ್ತಿದ್ದೆ. ಆಗಾಗ ದೇವದುರ್ಗದಿಂದ ಬಸ್ಸು ಹತ್ತಿ ಬಂದು ಅವರಿಗೆ ಎದೆ ತೋರಿಸಿಕೊಂಡು ಹೋಗುವುದು ನನಗೆ ಎಷ್ಟೋ ವರ್ಷಗಳ ರೂಢಿ. ಅವರು ಸ್ಟೆಥಸ್ಕೋಪ್ ಇಟ್ಟು ಕೇಳುತ್ತಾರೆ, ಮಾತ್ರೆ ಬರೆಯುತ್ತಾರೆ, ನಮ್ಮ ಹೈಸ್ಕೂಲಿನ ಮಕ್ಕಳ ಬಗ್ಗೆ ಒಂದೆರಡು ಮಾತು ಕೇಳುತ್ತಾರೆ, ನಾನು ಹೊರಡುತ್ತೇನೆ. ಅಂದು ಮಾತ್ರ ಭೇಟಿ ಅಷ್ಟಕ್ಕೇ ಮುಗಿಯಲಿಲ್ಲ.

“ಟೀಚರ್ರೀ, ಭಾಳ ದಿನದಿಂದ ನಿಮ್ಮನ್ನ ಒಂದು ಮಾತು ಕೇಳ್ಬೇಕಂತ ಅದೀನಿ,” ಎಂದರು. “ನಿಮ್ಮ ಎದಿ ಸಪ್ಪಳ ನಮ್ಮ ಹುಡುಗರಿಗೆ ಕೇಳಸಬೇಕು. ಪುಸ್ತಕದಾಗ ಓದಿದ್ರ ಇದು ತಿಳಿಯಂಗಿಲ್ಲ. ಒಂದು ದಿನ ಮುಂಜಾನೆ ಬಂದು ಮಂಚದ ಮ್ಯಾಲ ಮಲಕ್ಕೊಂಡ್ರ ಸಾಕು. ಒಲ್ಲೆ ಅಂದ್ರೂ ನಡೀತದ. ನಿಮ್ಮ ಔಷಧಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ.”

“ಹುಡುಗರು ಅಂದ್ರ?”

“ಡಾಕ್ಟರಕಿ ಕಲಿಯೋರು. ಹುಡುಗ್ಯಾರೂ ಇರ್ತಾರ. ನಾನು ಇರ್ತೀನಿ, ನರ್ಸ್ ಇರ್ತಾಳ, ಪರದೆ ಇರ್ತದ.”

ಯೋಚನೆ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ. ಆದರೆ ಬಸ್ ನಿಲ್ದಾಣ ಮುಟ್ಟುವ ಮೊದಲೇ ಒಲ್ಲೆ ಎನ್ನಲು ಮಾತು ಹುಡುಕತೊಡಗಿದ್ದೆ.

ನನ್ನ ಹೃದಯದ ಒಂದು ಕವಾಟ ಚಿಕ್ಕಂದಿನ ಜ್ವರವೊಂದರಿಂದ ಗಟ್ಟಿಯಾಗಿ ಕಿರಿದಾಗಿದೆ. ಕೀಲುಗಳು ಒಂದಾದ ಮೇಲೊಂದು ಬಾತು ನೋಯುವ ಜ್ವರ ಅದು. ಕೀಲು ನೋವು ಹೋಗುತ್ತದೆ, ಆದರೆ ಕೆಲವರ ಹೃದಯಕ್ಕೆ ಗಾಯ ಮಾಡಿ ಹೋಗುತ್ತದೆ. ನನಗೆ ಅದು ಗೊತ್ತಾದದ್ದು ರಾಯಚೂರಿನಲ್ಲಿ ಬಿ.ಎಡ್. ಓದುವಾಗ, ಹಾಸ್ಟೆಲ್ಲಿನ ಮೆಟ್ಟಿಲು ಹತ್ತಲಾರದೆ ನಡುವೆ ಕುಳಿತುಬಿಟ್ಟ ದಿನ. ಆಮೇಲೆ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ತೊಡೆಯ ರಕ್ತನಾಳದಿಂದ ಸಣ್ಣ ಬಲೂನು ಹಾಯಿಸಿ ಆ ಕವಾಟವನ್ನು ಅಗಲ ಮಾಡಿದರು. ನೌಕರಿ, ಮದುವೆ, ಮಗಳು ಎಲ್ಲವೂ ಅದಾದ ನಂತರವೇ ಬಂದವು. ಆದರೂ ಆ ಕವಾಟದಲ್ಲಿ ರಕ್ತ ಹಾಯುವಾಗ ಒಂದು ಸದ್ದು ಉಳಿದುಕೊಂಡಿದೆ. ಅದು ಹೇಗಿರುತ್ತದೆ ಎಂದು ಒಮ್ಮೆ ಕೇಳಿದ್ದೆ. “ಸಿರವಾರದಾಗ ಎರಡು ಓಣಿ ಆಚಿಗೆ ಅಕ್ಕಿ ಗಿರಣಿ ತಿರಗತದಲ್ಲ, ಹಂಗ,” ಎಂದಿದ್ದರು ಮೇಡಂ.

ಆ ವಾರದ ರಜೆಗೆ ಮಾನ್ವಿಗೆ ಹೋದೆ. ಅವ್ವ ಅಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ನಾನು ಹೋದಾಗ ಮೊರದಲ್ಲಿ ಜೋಳ ಹಸನು ಮಾಡುತ್ತ ಬಾಗಿಲಲ್ಲಿ ಕೂತಿದ್ದಳು. ವಿಷಯ ಹೇಳಿದೆ.

“ಗಂಡ್ಹುಡುಗರ ಮುಂದ ಎದಿ ತಗದು ಮಲಕ್ಕೊಂತೀಯೇನಬೇ?” ಅವ್ವನ ಕೈ ಅಲ್ಲೇ ನಿಂತಿತು. “ನಿನ್ನ ಗಂಡ ಏನಂದ?”

“ನಿನಗ ಬಿಟ್ಟದ್ದು ಅಂದ್ರು.”

“ಅಂವ ಯಾವಾಗ್ಲೂ ಹಂಗ ಅಂತಾನ,” ಎಂದು ಮತ್ತೆ ಮೊರ ಆಡಿಸತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಮಾತು ತೆಗೆದಳು. “ನೀ ಸಣ್ಣಾಕಿದ್ದಾಗ ಮೊಣಕಾಲು ಎರಡೂ ಕುಂಬಳಕಾಯಿ ಆಗಿದ್ವು. ಹೆಗಲ ಮ್ಯಾಲ ಹೊತ್ಕೊಂಡು ಡಾಕ್ಟರ್ ಮನಿಗೆ ಹೋಗಿದ್ನಿ. ಆ ಡಾಕ್ಟರ್ ನಮ್ಮನ್ನ ಮನಿ ಮುಂದಿನ ಕಟ್ಟಿ ಕೆಳಗ ನಿಲ್ಲಿಸಿದ. ನಾಲಿಗಿ ತಗಿ ಅಂದ. ನೀ ತಗದಿ. ಗುಳಿಗಿ ಕಾಗದದಾಗ ಸುತ್ತಿ ಕಟ್ಟಿ ಮ್ಯಾಲ ಇಟ್ಟ. ಮೈ ಸುಡಾಕತ್ತದ, ಜರಾ ಕೈ ಇಟ್ಟು ನೋಡ್ರೀ ಯಪ್ಪಾ ಅಂತ ಬೇಡಿಕೊಂಡ್ನಿ. ಇಲ್ಲಿಂದನ ಕಾಣ್ತದ, ಹೋಗು ಅಂದ.”

ನಮ್ಮ ಹಳ್ಳಿ ಮಾನ್ವಿಯಿಂದ ಬಹಳ ದೂರವಿಲ್ಲ. ನಮ್ಮ ಕೇರಿ ಊರಿನಿಂದ ಸ್ವಲ್ಪ ಆಚೆಗಿತ್ತು. ನಮ್ಮವರ ಮೈ ಮುಟ್ಟಿ ನೋಡುವ ಡಾಕ್ಟರು ಆಗ ನಮಗೆ ಸಿಕ್ಕಿರಲಿಲ್ಲ. ಕಟ್ಟೆಯ ಮೇಲಿನ ಕಾಗದದ ಪೊಟ್ಟಣ ನನಗೂ ಮಸುಕಾಗಿ ನೆನಪಿತ್ತು. ಅವ್ವ ಬೇಡಿಕೊಂಡದ್ದು ಮಾತ್ರ ಅಂದೇ ತಿಳಿದದ್ದು. ಆ ಮನುಷ್ಯ ಅಂದು ನನ್ನ ಎದೆಗೆ ಕಿವಿಗೊಟ್ಟಿದ್ದರೆ ಏನಾದರೂ ಕೇಳಿಸುತ್ತಿತ್ತೋ ಇಲ್ಲವೋ ಹೇಳಲಾರೆ. ಕೇಳಿಸಿಕೊಳ್ಳಲು ಅವನು ಹತ್ತಿರವೇ ಬರಲಿಲ್ಲ.

“ಹಂಗಾರ ಹೋಗ್ಲೇನವ್ವಾ?”

“ನಾ ಏನ್ ಹೇಳ್ಲಿ. ಮೈ ಮುಟ್ಟಿ ನೋಡೋದು ಕಲೀಲಿ ಅವ್ರು,” ಎಂದಳು. ಮತ್ತೆ, “ಸೆರಗು ಭದ್ರ ಇಟ್ಕೋ,” ಎಂದು ಸೇರಿಸಿದಳು.

ಹೋಗಬೇಕಾದ ದಿನ ನಾನು ಮಗಳ ಶಾಲೆಗೆ ಡಬ್ಬಿ ಕಟ್ಟಿದ್ದು, ಬಸ್ಸು ಹತ್ತಿದ್ದು ಯಾವುದೂ ಸರಿಯಾಗಿ ನೆನಪಿಲ್ಲ. ಎದೆಗಿಂತ ಹೆಚ್ಚಾಗಿ ಬೇರೆ ಸಣ್ಣ ಸಣ್ಣ ವಿಷಯಗಳೇ ನನ್ನನ್ನು ತಿನ್ನುತ್ತಿದ್ದವು. ಬಸ್ಸಿನ ಸೆಕೆಗೆ ಬೆವರಿ ವಾಸನೆ ಬಂದರೆ? ಕುಪ್ಪಸದ ಒಳಗಿನ ಬಟ್ಟೆ ಹಳೆಯದು ಎಂದು ಯಾರಾದರೂ ನಕ್ಕರೆ? ನನ್ನ ಶಾಲೆಯಲ್ಲಿ ಓದಿದ ಹುಡುಗನೇ ಯಾವನಾದರೂ ಆ ಗುಂಪಿನಲ್ಲಿದ್ದರೆ? ಎಲ್ಲಕ್ಕೂ ಕೆಳಗೆ ಇನ್ನೊಂದು ಹೆದರಿಕೆ ಕೂತಿತ್ತು. ಅಷ್ಟು ಜನ ಕಿವಿಯಿಟ್ಟು ಹುಡುಕಿದರೆ ಹೊಸದೇನಾದರೂ ಸಿಕ್ಕಿಬಿಡಬಹುದು ಎಂಬುದು. ಬಸ್ಸು ದಾರಿಯ ಕಲ್ಮಲದಲ್ಲಿ ನಿಂತಾಗ ಇಳಿದು ದೇವದುರ್ಗಕ್ಕೆ ಹಿಂತಿರುಗುವ ಬಸ್ಸು ಹಿಡಿದುಬಿಡೋಣ ಎನ್ನಿಸಿತು. ಬಾಗಿಲಲ್ಲಿ ಗದ್ದಲವಿತ್ತು. ಹಾಗಾಗಿ ಕೂತೇ ಇದ್ದೆ.

ವಾರ್ಡಿನ ಪಕ್ಕದ ಒಂದು ಕೋಣೆಯಲ್ಲಿ ಎತ್ತರದ ಮಂಚ, ಅದರ ಸುತ್ತ ಹಸಿರು ಪರದೆ. ಬಿಳಿ ಕೋಟಿನ ಹುಡುಗ ಹುಡುಗಿಯರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ನನಗಿಂತ ಅವರೇ ಹೆಚ್ಚು ಹೆದರಿದಂತೆ ಕಂಡರು. ಮೇಡಂ ಅವರಿಗೆ, “ಇವ್ರು ಊರಾಗ ಹೈಸ್ಕೂಲ್ ಟೀಚರ್. ಇಲ್ಲೀನೂ ಹಂಗ ತಿಳಕೋರಿ,” ಎಂದರು. ಮುಟ್ಟುವ ಮೊದಲು ಕೇಳಬೇಕು, ಕೈ ಬೆಚ್ಚಗಿರಬೇಕು, ಏನು ಮಾಡುತ್ತೇವೆಂದು ಹೇಳಿ ಮಾಡಬೇಕು, ನೋಡುವಷ್ಟು ಜಾಗ ಬಿಟ್ಟು ಉಳಿದ ಮೈಮೇಲೆ ಬಟ್ಟೆ ಇರಬೇಕು ಎಂದು ಒಂದೊಂದನ್ನೇ ಹೇಳಿದರು. ನರ್ಸ್ ನನಗೆ ಶುಭ್ರವಾದ ಹೊದಿಕೆ ಹೊದಿಸಿದಳು.

ಮೊದಲು ಪ್ರಶ್ನೆಗಳು. ಅವನ್ನು ಕೇಳಲು ಉದ್ದಕ್ಕೆ ತೆಳ್ಳಗಿದ್ದ ಒಬ್ಬ ಹುಡುಗನನ್ನು ಮೇಡಂ ಮುಂದೆ ಕರೆದರು. ಅವನು ನನ್ನ ಮುಖವನ್ನೇ ಬಿಡದೆ ನೋಡುತ್ತ ಹೆಸರು, ವಯಸ್ಸು, ಕೆಲಸ ಕೇಳಿದ. ಹುಟ್ಟಿದ ಊರು ಕೇಳಿದ. ಹೇಳಿದೆ.

“ಊರಾಗ ಯಾವ ಓಣಿ ಅಮ್ಮಾ?”

ಆ ಪ್ರಶ್ನೆ ನನಗೆ ಹೊಸದಲ್ಲ. ಹಾಸ್ಟೆಲ್ಲಿನಲ್ಲಿ, ದೇವದುರ್ಗದಲ್ಲಿ ಬಾಡಿಗೆ ಮನೆ ಹುಡುಕುವಾಗ, ಶಾಲೆಯ ಸ್ಟಾಫ್ ರೂಮಿನಲ್ಲಿ, ಎಲ್ಲ ಕಡೆ ನನ್ನನ್ನು ಇದೇ ಪ್ರಶ್ನೆ ಹುಡುಕಿಕೊಂಡು ಬಂದಿದೆ. ಹೆಸರಿನಿಂದ ಗೊತ್ತಾಗದ್ದನ್ನು ಓಣಿಯಿಂದ ತಿಳಿದುಕೊಳ್ಳುತ್ತಾರೆ. ಆದರೂ ಓಣಿಯ ಹೆಸರು ಹೇಳಿದೆ. ನಮ್ಮ ಕಡೆಯ ಯಾರಿಗೇ ಆದರೂ ಅದು ಸಾಕು. ಅವನು ತಲೆ ತಗ್ಗಿಸಿ ಬರೆದುಕೊಂಡ.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಒಬ್ಬ ಹುಡುಗಿಯ ಕೈ ಮಂಜಿನಂತೆ ತಣ್ಣಗಿತ್ತು. ನಾನು ಬೆಚ್ಚಿದ್ದಕ್ಕೆ ಅವಳು ನನಗಿಂತ ಹೆಚ್ಚು ಬೆಚ್ಚಿದಳು. ಒಬ್ಬ ಉಸಿರು ಹಿಡಿಯಿರಿ ಎಂದು ಹೇಳಿ, ಬಿಡಿ ಎನ್ನುವುದನ್ನು ಮರೆತೇಬಿಟ್ಟ. ಒಬ್ಬ ನನ್ನನ್ನು ನೋಡಲು ನಾಚಿ ಫ್ಯಾನನ್ನೇ ನೋಡುತ್ತ ಸ್ಟೆಥಸ್ಕೋಪ್ ಇಟ್ಟ. ಎಡ ಮಗ್ಗುಲಿಗೆ ಹೊರಳಿಸಿ ಕೇಳಿದರೆ ಆ ಸದ್ದು ಇನ್ನೂ ಸ್ಪಷ್ಟವಾಗುತ್ತದಂತೆ. ಹಾಗಾಗಿ ಎಷ್ಟೋ ಸಲ ಹೊರಳಿದೆ, ಮತ್ತೆ ಅಂಗಾತ ಮಲಗಿದೆ. ಅವರು ಕಣ್ಣು ಮುಚ್ಚಿ ಕೇಳುವಾಗ ನಾನು ಅವರ ಮುಖಗಳನ್ನೇ ನೋಡುತ್ತಿದ್ದೆ. ಯಾರ ಹುಬ್ಬು ಗಂಟಾದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಏನು ಕೇಳಿಸಿತು? ಕೇಳಿಸಬಾರದ್ದೇನಾದರೂ ಕೇಳಿಸಿತೇ? ಯಾರೂ ಹೇಳುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಪಿಸುಗುಟ್ಟಿಕೊಂಡು ಬರೆದುಕೊಳ್ಳುತ್ತಿದ್ದರು.

ಕೊನೆಗೆ ಬಂದವನು ಆ ತೆಳ್ಳನೆಯ ಹುಡುಗ. ಸ್ಟೆಥಸ್ಕೋಪನ್ನು ಹೊದಿಕೆಯ ಅಂಚಿಗೆ ತಾಗಿಸಿದಂತೆ ಮಾಡಿದ. ಎಣಿಸಿದರೆ ನಾಲ್ಕು ಬಡಿತವೂ ಆಗಿರಲಿಲ್ಲ, ತೆಗೆದುಬಿಟ್ಟ. ಅವನ ಬೆರಳು ನನ್ನ ಮೈಗೆ ತಾಗಲೇ ಇಲ್ಲ. “ಕೇಳಿಸ್ತ್ರೀ ಮೇಡಂ,” ಎಂದು ಹಿಂದೆ ಸರಿದ.

ಎಲ್ಲ ಮುಗಿದ ಮೇಲೆ ಮೇಡಂ ನನ್ನತ್ತ ತಿರುಗಿ, “ಇವ್ರು ನಿಮ್ಮನ್ನ ಹೆಂಗ ನೋಡಿದ್ರು, ಖರೇ ಹೇಳ್ರಿ ಟೀಚರ್. ಇವ್ರು ಕಲಿಯೋದೇ ಅದರಿಂದ,” ಎಂದರು.

“ಎಲ್ಲಾರೂ ಚೊಲೋ ನೋಡಿದ್ರು,” ಎಂದೆ.

ದೇವದುರ್ಗದ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಾಗ ಮೈಯೆಲ್ಲ ಉರಿಯುತ್ತಿತ್ತು. ಓದಿದವನು, ನಾಳೆ ಡಾಕ್ಟರಾಗುವವನು, ಓಣಿಯ ಹೆಸರು ಕೇಳಿದ ಮೇಲೆ ಮುಟ್ಟಲಿಲ್ಲ. ಅವ್ವ ಹೇಳಿದ ಕಟ್ಟೆ ಈ ಕೋಣೆಯವರೆಗೂ ಬಂದಿದೆ ಎನ್ನಿಸಿತು. ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು, “ಅಲ್ಲೇ ಕೇಳಬೇಕಿತ್ತು ನೀನು,” ಎಂದರು. ಕೇಳಬೇಕಿತ್ತು, ನಿಜ. ಅಂಥ ಹೊತ್ತಿನಲ್ಲಿ ನನ್ನ ನಾಲಿಗೆ ಯಾವಾಗಲೂ ಹೀಗೇ ಸತ್ತು ಬೀಳುತ್ತದೆ.

ಮುಂದಿನ ದಿನಗಳಲ್ಲಿ ಶಾಲೆಯ ಮಹಡಿ ಹತ್ತುವಾಗ ದಮ್ಮು ಹತ್ತುತ್ತಿತ್ತು. ಪಾಠ ಮಾಡುತ್ತ ನಿಂತಲ್ಲೇ ಎದೆಯೊಳಗೆ ಹಕ್ಕಿ ರೆಕ್ಕೆ ಬಡಿದಂತಾಗಿ ಮೇಜು ಹಿಡಿದುಕೊಳ್ಳುತ್ತಿದ್ದೆ. ಸಿಟ್ಟು ನುಂಗಿದ್ದಕ್ಕೇ ಹೀಗೆ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಮೇಡಂ ಫೋನ್ ಮಾಡಿ, ಹುಡುಗರು ಇನ್ನೊಮ್ಮೆ ಕೇಳಬೇಕೆನ್ನುತ್ತಾರೆ, ಬರಲು ಆದೀತೇ ಎಂದಾಗ ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಬರುತ್ತೇನೆ ಎಂದುಬಿಟ್ಟೆ. ಆ ಹುಡುಗನನ್ನು ಒಂದು ಮಾತು ಕೇಳದೆ ಬಿಟ್ಟರೆ ಇದು ಸಾಯುವವರೆಗೂ ನನ್ನನ್ನು ಕೊರೆಯುತ್ತದೆ ಎಂದು ಗೊತ್ತಿತ್ತು.

ಅಂದು ಬೇಗ ಹೋಗಿದ್ದೆ. ಕೋಣೆಯಲ್ಲಿ ನರ್ಸ್ ಚಾದರ ಬದಲಿಸುತ್ತಿದ್ದಳು. ಬಾಗಿಲ ಹೊರಗೆ ಅವನೊಬ್ಬನೇ ನಿಂತಿದ್ದ. ಎಲ್ಲರಿಗಿಂತ ಮೊದಲು ಬಂದು ನೋಡಲು ಮೇಡಂ ಒಪ್ಪಿಗೆ ಕೊಟ್ಟಿದ್ದಾರೆ ಎಂದ. ನಾನು ಚಪ್ಪಲಿಯನ್ನೂ ಬಿಡದೆ ಕೇಳಿದೆ.

“ಅವತ್ತು ನೀವು ನನ್ನ ಮುಟ್ಟಲಿಲ್ಲ. ಓಣಿ ಹೆಸರು ಕೇಳಿದ ಮ್ಯಾಲ ಮುಟ್ಟಲಿಲ್ಲ. ಯಾಕ?”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಬಿಳಿಚಿತು. “ಅಯ್ಯೋ, ಹಂಗಲ್ರೀ ಅಮ್ಮಾ. ಅಡ್ರೆಸ್ ಪೂರ್ತಿ ಬರೀಬೇಕು ಅಂತ ನಮಗ ಹೇಳಿರ್ತಾರ, ಅದಕ್ಕ ಕೇಳಿದ್ನಿ. ದೇವರಾಣಿ.” ಆಮೇಲೆ ಕೋಣೆಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. “ನನಗ ಕೇಳಸ್ಲಿಲ್ರೀ.”

“ಏನು ಕೇಳಸ್ಲಿಲ್ಲ?”

“ನಿಮ್ಮ ಎದಿ ಸಪ್ಪಳ. ಸಣ್ಣಾಂವಿದ್ದಾಗ ನನ್ನ ಕಿವಿ ಸೋರ್ತಿತ್ತು. ಬಲಗಿವಿ ಪೂರಾ ಹೋಗ್ಯದ, ಎಡಗಿವಿನೂ ಮಂದ ಆಗಾಕತ್ತದ. ಎಲ್ಲಾರೂ ಕೇಳಿಸ್ತು ಅಂದ್ರು, ನಾನೂ ಅಂದ್ನಿ. ಭಾಳೊತ್ತು ಇಟ್ಕೊಂಡು ನಿಂತ್ರ ಮೇಡಂಗ ಗೊತ್ತಾಗ್ತದಂತ ಜಲ್ದಿ ತಗದ್ನಿ.”

ನಂಬಬೇಕೋ ಬೇಡವೋ ತಕ್ಷಣ ತಿಳಿಯಲಿಲ್ಲ. ನನ್ನ ಈವರೆಗಿನ ಬದುಕಿನಲ್ಲಿ ಇಂಥ ಪ್ರಶ್ನೆಗೆ ಎಷ್ಟೋ ಬಗೆಯ ಸುಳ್ಳು ಉತ್ತರ ಕೇಳಿದ್ದೇನೆ. ಆದರೆ ಅವನು ಮಾತಾಡುವಾಗಲೂ, ಕೇಳಿಸಿಕೊಳ್ಳುವಾಗಲೂ ನನ್ನ ತುಟಿಗಳನ್ನೇ ನೋಡುತ್ತಿದ್ದ. ಅವತ್ತು ಮುಖ ಬಿಡದೆ ನೋಡಿದ್ದೂ ಇದಕ್ಕೇ. ನನ್ನ ತರಗತಿಯಲ್ಲೂ ಒಬ್ಬಿಬ್ಬರು ಇಂಥವರಿರುತ್ತಾರೆ. ಪಾಠ ಕಿವಿಗೆ ಬೀಳದಿದ್ದರೂ ಪಕ್ಕದವರು ತಲೆಯಾಡಿಸಿದಾಗ ತಾವೂ ಆಡಿಸುತ್ತಾರೆ.

“ಮೇಡಂಗ ಹೇಳ್ರಿ,” ಎಂದೆ.

“ಹೇಳಿದ್ರ ನನ್ನ ಡಾಕ್ಟರ್ ಆಗಾಕ ಬಿಡ್ತಾರೇನ್ರೀ?”

ಅವನ ಗುಟ್ಟು ನನ್ನ ತಲೆಗೆ ಬಂದು ಕೂತಿತ್ತು. ಕೇಳಬಾರದಿತ್ತೇನೋ ಎನ್ನಿಸಿತು. ಕೊನೆಗೆ, “ಈಗ ಯಾರೂ ಇಲ್ಲ. ಎಷ್ಟೊತ್ತಾದ್ರೂ ಆಗ್ಲಿ, ಸಮಾಧಾನದಿಂದ ನೋಡ್ರಿ,” ಎಂದು ಒಳಗೆ ಹೋಗಿ ಮಲಗಿದೆ. ನರ್ಸ್ ಪರದೆ ಎಳೆದು ತಲೆದೆಸೆಗೆ ನಿಂತಳು.

ಅವನು ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಂಡ. “ಕೈ ಹಿಡೀಲೇನ್ರಿ ಅಮ್ಮಾ?” ಎಂದು ಕೇಳಿ ನನ್ನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟ. ಬೇರೆಯವರು ಅದನ್ನು ಸುಮ್ಮನೆ ಶಾಸ್ತ್ರಕ್ಕೆ ಮಾಡಿ ಮುಂದೆ ಹೋಗಿದ್ದರು. ಇವನು ಹಿಡಿದವನು ಬಿಡಲೇ ಇಲ್ಲ. ಮೊದಲು ಗಡಿಯಾರ ನೋಡುತ್ತಿದ್ದ. ಆಮೇಲೆ ಗಡಿಯಾರ ಬಿಟ್ಟು ನೆಲ ನೋಡತೊಡಗಿದ. ಮತ್ತೆ ನನ್ನ ಒಪ್ಪಿಗೆ ಕೇಳಿ, ಇನ್ನೊಂದು ಅಂಗೈಯನ್ನು ಎದೆಯ ಎಡಕ್ಕೆ ಊರಿದ. ಒಂದು ಕೈ ಎದೆಯ ಮೇಲೆ, ಒಂದು ಕೈ ನಾಡಿಯ ಮೇಲೆ. ಅವನ ಮುಖ ಬಿಗಿಯುತ್ತ ಬಂತು. ಅಷ್ಟು ಮುಖಗಳನ್ನು ಓದಿ ದಣಿದಿದ್ದ ನನಗೆ ಈ ಮುಖ ಬೇರೆಯದು ಎಂದು ಆಗಲೇ ಗೊತ್ತಾಯಿತು.

“ಅಮ್ಮಾ, ಈಗೀಗ ದಮ್ಮು ಬರಾಕತ್ತದೇನ್ರಿ? ಎದಿ ಡವಡವ ಅಂತದೇನ್ರಿ?”

“ಮೆಟ್ಟಲ ಹತ್ತುವಾಗ. ಯಾಕ?”

“ಒಂದ್ನಿಮಿಷ ಬಂದ್ನಿ,” ಎಂದು ಪರದೆ ಸರಿಸಿ ಓಡಿದ. ಅವನ ಬೂಟಿನ ಸದ್ದು ವರಾಂಡದುದ್ದಕ್ಕೂ ಕೇಳುತ್ತಿತ್ತು.

ಓಡಿದನಲ್ಲ, ಅದೇ ನನ್ನನ್ನು ಕೊಂದದ್ದು. ನಡೆದುಕೊಂಡು ಹೋಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ನರ್ಸ್ ಏನೂ ಆಗಿಲ್ಲ ಎನ್ನುತ್ತಿದ್ದಳು. ಅವಳಿಗೆ ಗೊತ್ತಿಲ್ಲ ಎಂದು ನನಗೆ ಗೊತ್ತಿತ್ತು. ಮಗಳ ನೆನಪಾಯಿತು. ಹತ್ತನೆಯವರಿಗೆ ಮುಗಿಸದೆ ಉಳಿದ ಪಾಠಗಳು ನೆನಪಾದವು. ಗಂಡನಿಗೆ ಫೋನ್ ಮಾಡಬೇಕೆಂದರೆ ಕೈಚೀಲ ದೂರದ ಕುರ್ಚಿಯ ಮೇಲಿತ್ತು, ತಂದುಕೊಡು ಎನ್ನಲೂ ಹೆದರಿಕೆ. ನನ್ನದೇ ಮಣಿಕಟ್ಟು ಹಿಡಿದು ನೋಡಿಕೊಂಡೆ. ಶಾಲೆ ಬಿಟ್ಟಾಗ ಮಕ್ಕಳು ಬಾಗಿಲಿಗೆ ನುಗ್ಗುವಂತೆ ಬಡಿತಗಳು ಒಂದರ ಮೇಲೊಂದು ಬಿದ್ದು ಬರುತ್ತಿದ್ದವು. ನಡುವೆ ಒಮ್ಮೊಮ್ಮೆ ಯಾರೂ ಇಲ್ಲ. ಮತ್ತೆ ನೂಕುನುಗ್ಗಲು.

ಮೇಡಂ ಬಂದು ನಾಡಿ ಹಿಡಿದರು, ಎದೆಗೆ ಕಿವಿಗೊಟ್ಟರು, ಇಸಿಜಿ ಯಂತ್ರ ತರಿಸಿದರು. ಯಂತ್ರದಿಂದ ಹೊರಬಂದ ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಎದಿ ತಾಳ ತಪ್ಪ್ಯದ್ರೀ ಟೀಚರ್,” ಎಂದರು ಮೇಡಂ, ಮಂಚದ ಅಂಚಿಗೆ ಕೂತು ನನ್ನ ಕೈ ಹಿಡಿದು. “ನಿಮ್ಮಂಥ ಕವಾಟ ಇದ್ದೋರಿಗೆ ಹಿಂಗ ಆಗೋದು ಅದ. ಹೋದ ಸಲ ನಾ ನೋಡಿದಾಗ ಇರಲಿಲ್ಲ. ಹಿಂಗ ಬಿಟ್ರ ಒಳಗ ರಕ್ತ ಹೆಪ್ಪುಗಟ್ಟಿ ತಲಿಗೆ ಹೋಗಿ ಲಕ್ವಾ ಹೊಡೀಬಹುದು. ಈಗ ಸಿಕ್ಕದ, ಔಷಧ ಅದ. ಹೆದರಬ್ಯಾಡ್ರಿ.”

ಹೆದರಬ್ಯಾಡ್ರಿ ಎನ್ನುವುದು ಸುಲಭ. ಹೆಪ್ಪು ಈಗಾಗಲೇ ಕಟ್ಟಿದೆಯೋ ಎಂದು ನೋಡಲು ಸ್ಕ್ಯಾನಿಗೆ ಕರೆದೊಯ್ದರು. ತಣ್ಣನೆಯ ಅಂಟು ಹಚ್ಚಿ ಎದೆಯ ಮೇಲೆ ಯಂತ್ರ ಆಡಿಸುವಾಗ ಕಂಪ್ಯೂಟರ್ ಪರದೆಯ ಮೇಲೆ ಏನೋ ಕಪ್ಪು ಬಿಳುಪಾಗಿ ಬಾಯಿ ಬಿಡುತ್ತಿತ್ತು, ಮುಚ್ಚುತ್ತಿತ್ತು. ಅದೇ ನನ್ನ ಕವಾಟ ಎಂದರು. ನಾನು ಆ ಕಡೆ ನೋಡಲಿಲ್ಲ. ಕೊನೆಗೆ ಹೆಪ್ಪು ಕಾಣುತ್ತಿಲ್ಲ ಎಂದಾಗ ಅಳು ಬಂತು. ಬಂದಾಗಿನಿಂದ ಅಲ್ಲಿಯವರೆಗೂ ಅತ್ತಿರಲಿಲ್ಲ.

ಕೆಲವು ದಿನ ವಾರ್ಡಿನಲ್ಲಿ ಇಟ್ಟುಕೊಂಡರು. ಗಂಡ ದೇವದುರ್ಗದಿಂದ, ಅವ್ವ ಮಾನ್ವಿಯಿಂದ ಬಂದರು. ಬಡಿತವನ್ನು ಹತೋಟಿಗೆ ತರುವ ಮಾತ್ರೆ, ರಕ್ತ ತೆಳುವಾಗಿಡುವ ಮಾತ್ರೆ ಶುರುವಾದವು. ಆ ಹುಡುಗ ದಿನಾ ಬಂದು ಏನೂ ಮಾತಾಡದೆ ಕೈ ಹಿಡಿದು ನೋಡಿಕೊಂಡು ಹೋಗುತ್ತಿದ್ದ. ಇವನೇ ಕಂಡುಹಿಡಿದವನು ಎಂದು ತಿಳಿದ ಮೇಲೆ ಅವ್ವ ಅವನ ಎರಡೂ ಕೆನ್ನೆ ಸವರಿ ನಟಿಕೆ ಮುರಿದಳು. “ಉಂಡೀಯೇನೋ ಯಪ್ಪಾ? ಎಷ್ಟು ಸೊರಗೀದಿ,” ಎಂದಳು. ಅವನಿಗೆ ಕೇಳಿಸಿತೋ ಇಲ್ಲವೋ, ನಾಚಿಕೊಂಡು ನಕ್ಕ.

ನಾನು ಮನೆಗೆ ಹೊರಡುವ ದಿನ ಮೇಡಂ ಆ ಗುಂಪನ್ನೆಲ್ಲ ನನ್ನ ಮಂಚದ ಸುತ್ತ ನಿಲ್ಲಿಸಿದರು. ನನ್ನ ಒಪ್ಪಿಗೆ ಕೇಳಿ, ನಡೆದದ್ದನ್ನು ವಿವರಿಸಿದರು. ಆಮೇಲೆ ಅವನತ್ತ ತಿರುಗಿ, “ನಾಡಿ ತಾಳ ತಪ್ಪಿದ್ದು ಹಿಡದಿ. ಎದಿ ಸಪ್ಪಳ ಏನ್ ಕೇಳಿಸ್ತು, ಹೇಳು,” ಎಂದರು.

ಅವನು ನನ್ನನ್ನು ನೋಡಿದ. ಸುಳ್ಳು ಹೇಳಿದರೆ ಸುಮ್ಮನಿರಬೇಕೇ, ನಿಜ ಹೇಳಿದರೆ ಇವನ ಗತಿ ಏನು, ಯಾವುದೂ ನನ್ನ ಕೈಯಲ್ಲಿರಲಿಲ್ಲ.

“ಏನೂ ಕೇಳಸ್ಲಿಲ್ರೀ ಮೇಡಂ. ಮೊದಲನೇ ದಿನಾನೂ ಕೇಳಸಿರಲಿಲ್ಲ. ಸುಳ್ಳು ಹೇಳಿದ್ನಿ. ನನಗ ಕಿವಿ ಸರಿ ಇಲ್ಲ.”

ಮೇಡಂ ಬೈಯಬಹುದೆಂದು ನಾನು ಕಣ್ಣು ಮುಚ್ಚಿದ್ದೆ. ಅವರು ಉಳಿದವರನ್ನು ಕೇಳಿದರು. “ಕೇಳಿಸ್ತು ಅಂತ ಬರದೀರಲ್ಲ, ನಿಮ್ಮೊಳಗ ಯಾರಿಗೆ ಖರೇ ಕೇಳಿಸ್ಯದ? ಕೈ ಎತ್ರಿ.” ತಣ್ಣನೆ ಕೈಯ ಹುಡುಗಿ ಮೊದಲು ಎತ್ತಿದಳು. ಇನ್ನೊಬ್ಬ ಅರ್ಧ ಎತ್ತಿ ಇಳಿಸಿದ. ಬೇರೆ ಯಾರೂ ಎತ್ತಲಿಲ್ಲ. “ಕೇಳಸ್ಲಿಲ್ಲ ಅಂದ್ರ ನಾ ಮತ್ತೊಮ್ಮೆ ಕೇಳಸ್ತಿದ್ನಿ. ಇವ್ರು ದೇವದುರ್ಗದಿಂದ ಬಂದು ಮಲಗಿದ್ದು ಯಾತಕ್ಕ?” ಎಂದರು ಮೇಡಂ. ಆ ಹುಡುಗನಿಗೆ ಅಷ್ಟೇ ಶಾಂತವಾಗಿ, “ನಾಳೆ ಕಿವಿ ಡಾಕ್ಟರ್ ಹತ್ರ ಹೋಗೋಣು. ಸಪ್ಪಳ ದೊಡ್ಡದು ಮಾಡೋ ಸ್ಟೆಥಸ್ಕೋಪ್ ಬಂದಾವ. ಇದನ್ನ ಮುಚ್ಚಿಟ್ಟಿದ್ದು ತಪ್ಪು, ಕಿವಿ ತಪ್ಪಲ್ಲ,” ಎಂದರು.

ಮತ್ತೆ ನನ್ನ ಕಡೆ ತಿರುಗಿ, “ಟೀಚರ್, ನೀವೂ ಅವತ್ತು ಎಲ್ಲಾರೂ ಚೊಲೋ ನೋಡಿದ್ರು ಅಂದ್ರಿ,” ಎಂದರು.

ಈ ಸಲ ನಾಲಿಗೆ ಎದ್ದಿತು. ಕೈ ತಣ್ಣಗಿದ್ದರೆ ಮೊದಲೇ ಹೇಳಿಬಿಡಿ, ಫ್ಯಾನ್ ನೋಡಿಕೊಂಡು ನನ್ನ ಎದೆ ಮುಟ್ಟಬೇಡಿ, ಉಸಿರು ಹಿಡಿಸಿದವರು ಬಿಡಿಸುವುದನ್ನು ಮರೆಯಬೇಡಿ ಎಂದೆ. ಕೆಲವರು ನಕ್ಕರು. ಆಮೇಲೆ ಎಲ್ಲರ ಮುಖ ನೋಡಿ ಹೇಳಿದೆ. “ಓಣಿ ಕೇಳೋದಿದ್ರ, ಯಾತಕ್ಕ ಬೇಕು ಅಂತ ಹೇಳಿ ಕೇಳ್ರಿ. ನಮ್ಮಂಥೋರಿಗೆ ಆ ಪ್ರಶ್ನೆ ಬ್ಯಾರೆ ಥರ ಕೇಳಸ್ತದ.” ಯಾರೂ ನಗಲಿಲ್ಲ. ಕೆಲವರಿಗೆ ಅರ್ಥವಾಯಿತು, ಕೆಲವರಿಗೆ ಆಗಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಒಬ್ಬ ಹುಡುಗಿಯ ಕಣ್ಣು ತುಂಬಿತ್ತು. ಯಾಕೆಂದು ನಾನು ಕೇಳಲಿಲ್ಲ. ಈಗ ಪ್ರತಿ ಹೊಸ ಗುಂಪಿಗೂ ಮೇಡಂ ಆ ಮಾತನ್ನು ತಾವೇ ಹೇಳುತ್ತಾರೆ.

ಆ ಹುಡುಗ ಹೊಸ ಸ್ಟೆಥಸ್ಕೋಪ್ ತಂದು ನನ್ನ ಎದೆಗಿಟ್ಟ ದಿನ, ಎಡ ಮಗ್ಗುಲಿಗೆ ಹೊರಳಿಸಿ ಬಹಳ ಹೊತ್ತು ಕೇಳಿದ. ಕೇಳುತ್ತ ಕೇಳುತ್ತ ಬಾಯಿ ತೆರೆದ. “ಅದ ಅಮ್ಮಾ, ಅದ!” ಎಂದು ಕೂಗಿಬಿಟ್ಟ. ನರ್ಸ್ ಗದರಿಸಿದಳು. ಈಗ ಅವನು ಪಾಸಾಗಿ ರಾಯಚೂರಿನಲ್ಲೇ ಕೆಲಸ ಕಲಿಯುತ್ತಿದ್ದಾನೆ. ಹಬ್ಬಕ್ಕೆ ಅವ್ವನಿಗೆ ಫೋನ್ ಮಾಡುತ್ತಾನೆ. ಅವ್ವ ಕಿರುಚಿ ಮಾತಾಡುತ್ತಾಳೆ.

ನನ್ನ ಹೆದರಿಕೆ ಹೋಗಿದೆ ಎಂದು ಹೇಳಲಾರೆ. ರಕ್ತ ತೆಳುವಾಗಿಡುವ ಮಾತ್ರೆ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಅದಕ್ಕೆ ಮೇಲಿಂದ ಮೇಲೆ ತಪಾಸಣೆಗೆ ರಕ್ತ ಕೊಟ್ಟು ಬರಬೇಕು. ತರಕಾರಿ ಹೆಚ್ಚುವಾಗ ಬೆರಳು ಕೊಯ್ದರೆ ಸಾಕು, ಮಗಳು ಹತ್ತಿ ಹಿಡಿದು ಓಡಿ ಬರುತ್ತಾಳೆ. ಮಕ್ಕಳು ಬರೆಯುತ್ತ ಕೂತಾಗ ನನ್ನ ಬೆರಳು ತಾನಾಗಿ ಮಣಿಕಟ್ಟಿಗೆ ಹೋಗುತ್ತದೆ. ಆದರೂ ಮೇಡಂ ಕರೆದಾಗಲೆಲ್ಲ ಹೋಗಿ ಮಲಗುತ್ತೇನೆ.

ಒಮ್ಮೆ ಪರೀಕ್ಷೆಗೂ ಕರೆದಿದ್ದರು. ಹೊರಗಿನ ಊರಿನಿಂದ ಪರೀಕ್ಷಕರು ಬಂದಿರುತ್ತಾರೆ, ವಿದ್ಯಾರ್ಥಿ ನನ್ನನ್ನು ನೋಡಿ ಏನಾಗಿದೆ ಎಂದು ಹೇಳಬೇಕು, ನಾನು ರೋಗದ ಹೆಸರು ಬಾಯಿ ಬಿಡಬಾರದು. ಎಷ್ಟೋ ವರ್ಷ ಪರೀಕ್ಷಾ ಕೋಣೆಯಲ್ಲಿ ಬೆಂಚುಗಳ ನಡುವೆ ಓಡಾಡಿದವಳು ಅಂದು ನಾನೇ ಪ್ರಶ್ನೆಪತ್ರಿಕೆಯಾಗಿ ಮಲಗಿದ್ದೆ. ಬಂದವಳು ನಾನು ಎಂದೂ ಕಾಣದ ಹುಡುಗಿ. ಅವಳ ಅಂಗೈ ಬೆವರಿ ನೀರಾಗಿತ್ತು. ಪ್ರಶ್ನೆಗಳನ್ನು ಚೆನ್ನಾಗಿಯೇ ಕೇಳಿದಳು. ಸ್ಟೆಥಸ್ಕೋಪ್ ಇಟ್ಟ ಮೇಲೆ ಗಪ್ಪಾದಳು. ಮೇಲೆ ಇಟ್ಟಳು, ಕೆಳಗೆ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಪರದೆಯ ಆಚೆ ಪರೀಕ್ಷಕರ ಚಪ್ಪಲಿಯ ಸದ್ದು ಹತ್ತಿರ ಬರುತ್ತಿತ್ತು. ಅವಳ ಕಣ್ಣಂಚಿನಲ್ಲಿ ನೀರು ನಿಂತಿತ್ತು. ಹೊರಳಿಸು ತಂಗಿ, ಎಡಕ್ಕೆ ಹೊರಳಿಸು ಎಂದು ನನ್ನ ಮೈಯೆಲ್ಲ ಕೂಗುತ್ತಿತ್ತು. ತುಟಿ ಕಚ್ಚಿ ಸುಮ್ಮನೆ ಮಲಗಿದ್ದೆ. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ನನ್ನಿಂದಲೇ ಇವಳಿಗೆ ಲೆಕ್ಕ ತಪ್ಪುತ್ತದೇನೋ ಎಂದು ಇನ್ನೂ ಹೆದರಿದೆ.

ಪರದೆ ಅಲುಗಾಡಿತು. ಅವಳು ಫಕ್ಕನೆ ಎಚ್ಚೆತ್ತವಳಂತೆ, “ಅಮ್ಮಾ, ಎಡ ಮಗ್ಗಲಿಗೆ ಹೊಳ್ಳ್ರಿ,” ಎಂದಳು. ಅವಳು ಮಾತು ಮುಗಿಸುವ ಮೊದಲೇ ಹೊರಳಿದ್ದೆ. ಅವಳು ಕಿವಿಗೊಟ್ಟಳು. ನಾನು ಗೋಡೆಯ ಕಡೆ ಮುಖ ಮಾಡಿದ್ದರಿಂದ ಅವಳ ಮುಖ ಕಾಣಲಿಲ್ಲ. ಪರೀಕ್ಷಕರು ಒಳಗೆ ಬಂದು ಇಂಗ್ಲಿಷಿನಲ್ಲಿ ಬೇಗ ಬೇಗ ಏನೋ ಕೇಳಿದರು, ಅವಳು ಸಣ್ಣ ದನಿಯಲ್ಲಿ ಏನೋ ಹೇಳಿದಳು. ನನ್ನ ಹೊದಿಕೆಯನ್ನು ಭುಜದವರೆಗೆ ಎಳೆದು, “ಥ್ಯಾಂಕ್ಸ್ ರೀ ಅಮ್ಮಾ,” ಎಂದು ಅವರ ಹಿಂದೆ ಹೋದಳು. ಸಂಜೆ ನಾನು ಹೊರಡುವಾಗ ವರಾಂಡದ ತುದಿಯಲ್ಲಿ ಬೆನ್ನು ಮಾಡಿ ನಿಂತು ಫೋನಿನಲ್ಲಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಬೆನ್ನಿನಿಂದ ತಿಳಿಯಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಮುಂದಿನ ಸಲ ರಕ್ತ ಕೊಡಲು ಹೋದಾಗ ಮೇಡಂ ಅವರನ್ನು ಕೇಳಿದೆ. “ಅವತ್ತು ನನ್ನ ನೋಡಿದ ಹುಡುಗಿ ಪಾಸಾದ್ಲೇನ್ರಿ?”

“ಯಾವಾಕಿ ಟೀಚರ್?”

ಹೆಸರು ನನಗೆ ಗೊತ್ತಿರಲಿಲ್ಲ. “ಕೈ ಬೆವರ್ತಿದ್ದಾಕಿ,” ಎಂದೆ.

“ಪರೀಕ್ಷಿ ದಿನ ಎಲ್ಲಾರ ಕೈನೂ ಬೆವರ್ತಾವ್ರೀ,” ಎಂದು ನಕ್ಕು, ಸ್ಟೆಥಸ್ಕೋಪ್ ಕಿವಿಗೇರಿಸಿಕೊಂಡು, ಮಾತಾಡಬೇಡಿ ಎಂದು ಸನ್ನೆ ಮಾಡಿದರು.